ಕೂರೋಕೆ ಜಾಗ ಎಲ್ಲಿದೆ?

‘ಮನೆಯಿಂದಲೇ ಕೆಲಸ ಮಾಡಿ’ ಅಂದರು. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಸರ್ಕಾರ ಅಂದಿತು, ಕಂಪನಿಗಳು ಅಂದವು, ಟಿವಿಯವರು ಅಂದರು. ಯಾರ ಮನೆಯಿಂದ ಎಂದು ಒಬ್ಬರೂ ಕೇಳಲಿಲ್ಲ.

ನಮ್ಮ ಮನೆ ಎಂದರೆ ಹತ್ತಡಿ ಉದ್ದ, ಹತ್ತಡಿ ಅಗಲ. ಮೇಲೆ ಶೀಟು. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಅಪ್ಪನ ಕೆಮ್ಮು, ತಂಗಿಯ ಪರೀಕ್ಷೆ, ಪಕ್ಕದ ಮನೆಯ ಟಿವಿ. ನಸುಕಿನಲ್ಲೇ ಎದ್ದು ಬೀದಿ ಗುಡಿಸಿ ಬಂದ ಅವ್ವ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಬೇಕು. ಅದೇ ಹೊತ್ತಿಗೆ ಮಗ ಲ್ಯಾಪ್‌ಟಾಪ್ ತೆರೆದು ಯಾರದೋ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕು. ಅವ್ವ ಎದ್ದು ಹೊರಗೆ ಹೊಸ್ತಿಲ ಮೇಲೆ ಕೂರುತ್ತಾಳೆ. ‘ವರ್ಕ್ ಫ್ರಂ ಹೋಮ್’ ಅಂದರೆ ನಮ್ಮಲ್ಲಿ ಇಷ್ಟೇ: ಅವ್ವನನ್ನು ಮನೆಯಿಂದ ಹೊರಗೆ ಕೂರಿಸೋದು.

ಕಂಪನಿಗೆ ಇದರಿಂದ ಲಾಭ. ಕಟ್ಟಡದ ಬಾಡಿಗೆ ಉಳಿಯಿತು, ಕರೆಂಟು ಉಳಿಯಿತು, ಕುರ್ಚಿ ಉಳಿಯಿತು. ಮನೆಯಲ್ಲಿ ಒಂದು ಕೋಣೆ ಹೆಚ್ಚಿಗೆ ಇದ್ದವನಿಗೆ ಇದು ಸೌಕರ್ಯ. ನಮಗೆ ಇದು ಮನೆಯೊಳಕ್ಕೆ ಬಂದು ಕೂತ ಇನ್ನೊಬ್ಬ ಬಾಡಿಗೆದಾರ, ಬಾಡಿಗೆ ಕೊಡದ ಬಾಡಿಗೆದಾರ. ಈಗ ಎಷ್ಟೋ ಕಂಪನಿಗಳು ವಾರದಲ್ಲಿ ಕೆಲವು ದಿನ ಆಫೀಸಿಗೆ ಕರೆಯುತ್ತಿವೆ. ಉಳಿದ ದಿನ ಎಲ್ಲಿ ಕೂರೋದು? ಡಾಟಾ ಎಂಟ್ರಿ, ತರ್ಜುಮೆ, ಆನ್‌ಲೈನ್ ಪಾಠ ಅಂತ ಹೊಟ್ಟೆ ಹೊರೆಯುವ ನಮ್ಮ ಹುಡುಗ ಹುಡುಗಿಯರಿಗಂತೂ ಆಫೀಸೇ ಇಲ್ಲ. ಹೀಗಾಗಿ ಜಾಗ ಹುಡುಕಿಕೊಂಡು ಈ ಬೆಂಗಳೂರಿನಲ್ಲಿ ಅಲೆದೆವು.

ಮೊದಲು ಗಾಜಿನ ಬಾಗಿಲಿನ ಕಾಫಿ ಅಂಗಡಿ. ಅಲ್ಲಿನ ಒಂದು ಕಾಫಿಯ ಬೆಲೆಗೆ ನಮ್ಮ ಮನೆಗೆ ಎರಡು ದಿನದ ತರಕಾರಿ ಬರುತ್ತೆ. ಆದರೂ ಇಬ್ಬರು ಸೇರಿ ಒಂದು ತಗೊಂಡೆವು. ಬೈಟು ಕುಡಿದು ಬೆಳೆದವರು ನಾವು. ಮುಕ್ಕಾಲು ಗಂಟೆಗೆ ಸಪ್ಲೈಯರ್ ಹುಡುಗ ಬಂದ. ‘ಇನ್ನೇನಾದ್ರೂ ಆರ್ಡರ್ ಮಾಡ್ತೀರಾ ಸಾರ್?’ ಹತ್ತು ನಿಮಿಷಕ್ಕೆ ಮತ್ತೆ ಬಂದ. ಪಕ್ಕದ ಮೇಜಿನಲ್ಲಿ ನಮಗಿಂತ ಮೊದಲೇ ಬಂದು ಕೂತವನನ್ನು ಅವನು ಏನೂ ಕೇಳಲಿಲ್ಲ. ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಯಾವುದೋ ಹಳ್ಳಿಯವನು, ದಿನವಿಡೀ ನಿಂತೇ ಇರುವವನು. ಬಾಯಿ ಅವನದು, ಮಾತು ಮಾಲೀಕನದು.

ಹಳ್ಳಿ ಹೋಟೆಲಿನಲ್ಲಿ ನಮ್ಮ ಅಪ್ಪಂದಿರಿಗೆ ಬೇರೆ ಲೋಟ ಇತ್ತು. ಹೊರಗೆ ಕೂತು ಕುಡಿದು, ತೊಳೆದಿಟ್ಟು ಬರಬೇಕಿತ್ತು. ಪಟ್ಟಣದಲ್ಲಿ ಲೋಟ ಒಂದೇ. ಇಲ್ಲಿ ಜಾತಿ ಯಾವುದು ಅಂತ ಕೇಳಲ್ಲ, ಬಿಲ್ಲು ಎಷ್ಟು ಅಂತ ಕೇಳ್ತಾರೆ. ಸರಿ. ಬಿಲ್ಲು ಕಟ್ಟಲಾಗದೆ ಎದ್ದು ಹೋಗುವವರ ಪಟ್ಟಿ ಮಾಡಿ ನೋಡಿ. ನಮ್ಮ ಕೇರಿಗಳ ಹೆಸರೇ ಮೊದಲು ಬರುತ್ತವೆ.

ದರ್ಶಿನಿಗೆ ಹೋದರೆ ಅಲ್ಲಿ ಕುರ್ಚಿಯೇ ಇಲ್ಲ. 1980ರ ದಶಕದಲ್ಲಿ ಈ ಊರಿನಲ್ಲೇ ಹುಟ್ಟಿದ ಈ ಹೋಟೆಲುಗಳು ಕಡಿಮೆ ಕಾಸಿಗೆ ಬಿಸಿ ಇಡ್ಲಿ ಕೊಟ್ಟವು, ಇಲ್ಲವೆನ್ನೋಲ್ಲ. ಆದರೆ ಬೆಲೆಯ ಜೊತೆಗೆ ಕುರ್ಚಿಯನ್ನೂ ತೆಗೆದುಬಿಟ್ಟವು. ತಿನ್ನು, ಕಾಸು ಕೊಡು, ಜಾಗ ಬಿಡು. ಇನ್ನು ‘ಕೋ-ವರ್ಕಿಂಗ್’ ಎಂಬ ಬಾಡಿಗೆ ಮೇಜುಗಳು ದಿನಕ್ಕೆ ನೂರಾರು ರೂಪಾಯಿ. ವಿಜಯನಗರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಹಲಗೆ ಅಡ್ಡಕಟ್ಟಿದ ಗೂಡುಗಳಿವೆ, ತಿಂಗಳ ಲೆಕ್ಕ. ಹೊಲ ಮಾರಿ ಬಂದವನು ಗೂಡು ಹಿಡಿಯುತ್ತಾನೆ. ಮಾರಲು ಹೊಲವೇ ಇಲ್ಲದವನು ಯಾವುದೋ ಮೆಟ್ಟಿಲ ಮೇಲೆ ಕೂತು ಓದುತ್ತಾನೆ.

ಕೊನೆಗೆ ಪಾರ್ಕು. ಬೆಂಗಳೂರು ಪಾಲಿಕೆಯ ಪಾರ್ಕುಗಳಿಗೆ ವರ್ಷಗಟ್ಟಲೆ ನಡುಹಗಲಿನಲ್ಲಿ ಬೀಗ ಹಾಕುತ್ತಿದ್ದರು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುತ್ತೇವೆ ಎಂದು ಹೇಳಿದ್ದು 2024ರಲ್ಲಿ. ಆದರೂ ಪಾರ್ಕಿನಲ್ಲಿ ಪ್ಲಗ್ ಇಲ್ಲ, ಮಳೆ ಬಂದರೆ ಮರವೇ ಗತಿ. ನಮ್ಮ ಜೊತೆಗಾತಿಯೊಬ್ಬಳು ಬೆಂಚಿನ ಮೇಲೆ ಒಬ್ಬಳೇ ಕೂತು ಟೈಪು ಮಾಡುತ್ತಿದ್ದರೆ ಅರ್ಧ ಗಂಟೆಯೊಳಗೆ ಮೂವರು ಬಂದು ಎದುರಿಗೆ ನಿಂತರು. ಅವಳು ಎದ್ದು ಬಂದಳು. ಮನೆಯಲ್ಲೂ ಅಷ್ಟೇ. ಸಭೆಗಳಲ್ಲಿ ಸಮಾನತೆಯ ಮಾತಾಡುವ ನಾವೇ, ಇರುವ ಒಂದು ಮೂಲೆಯನ್ನು ಹಿಡಿದುಕೊಂಡು ತಂಗಿಯನ್ನು ಒಲೆಯ ಮುಂದೆ ಕೂರಿಸಿದ್ದೇವೆ. ಇದನ್ನು ಬರೆಯದೆ ಹೋದರೆ ಈ ಲೇಖನ ಸುಳ್ಳಾಗುತ್ತೆ.

ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಈ ಕುರ್ಚಿಯ ಪ್ರಶ್ನೆ ಯಾಕ್ರಪ್ಪಾ ಎಂದು ಹಿರಿಯ ಗೆಳೆಯರು ಕೇಳಬಹುದು. ಬಾಬಾಸಾಹೇಬರನ್ನು ನೆನೆಯಿರಿ. ಬೊಂಬಾಯಿಯ ಪರೇಲಿನ ಚಾಳಿನಲ್ಲಿ ಅವರದ್ದೂ ಇಕ್ಕಟ್ಟಿನ ಮನೆ. ಅಪ್ಪ ರಾಮಜಿ ಮಗನನ್ನು ಬೇಗ ಮಲಗಿಸಿ, ರಾತ್ರಿ 2 ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ಹುಡುಗ ಭೀಮರಾವ್ ಚರ್ನಿ ರೋಡಿನ ಉದ್ಯಾನದಲ್ಲಿ ಕೂತು ಓದುತ್ತಿದ್ದ. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ಅವನನ್ನು ಕಂಡದ್ದು ಅಲ್ಲಿ. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಚರಿತ್ರೆಯನ್ನು ಅವನ ಕೈಗಿಟ್ಟವರು ಅವರು. ಆಮೇಲೆ ಬರೋಡಾ ಮಹಾರಾಜರ ನೆರವು ಸಿಗುವಂತೆ ಮಾಡಿದವರೂ ಅವರೇ. ಆ ಉದ್ಯಾನಕ್ಕೆ ಅವತ್ತು ಬೀಗ ಹಾಕಿದ್ದರೆ?

ಅದೇ ಮನುಷ್ಯ ನ್ಯೂಯಾರ್ಕು, ಲಂಡನ್ನುಗಳಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದರೆ ತಂಗಲು ಜಾಗವಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಹೊರಗಟ್ಟಿದರು. ರೈಲಿಗಾಗಿ ಐದು ಗಂಟೆ ಕಾಮಾಠಿ ಬಾಗಿನಲ್ಲಿ ಕೂತು ಕಾದರು. ಹತ್ತು ವರ್ಷದ ಮೇಲೆ, 1927ರಲ್ಲಿ, ಮಹಾಡಿನ ಕೆರೆಗೆ ಇಳಿದು ನೀರು ಮುಟ್ಟಿದ್ದು ಬಾಯಾರಿಕೆಗಲ್ಲ. ‘ಸಾರ್ವಜನಿಕ’ ಎಂಬ ಮಾತಿನೊಳಗೆ ನಾವೂ ಇದ್ದೇವೆ ಎಂದು ತೋರಿಸೋದಕ್ಕೆ. ಕುರ್ಚಿಯ ಪ್ರಶ್ನೆಯೂ ಅದೇ ಕೆರೆಯ ಪ್ರಶ್ನೆ.

ಕೇಳಲು ನಮಗೆ ಹಕ್ಕಿರುವ ಜಾಗ ಒಂದಿದೆ. ಅದರ ಹೆಸರು ಸಾರ್ವಜನಿಕ ಗ್ರಂಥಾಲಯ. 1965ರಲ್ಲೇ ಅದಕ್ಕೆ ಕಾಯಿದೆ ಆಗಿದೆ. ಆಸ್ತಿ ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಎಂದು ವಸೂಲಿಯಾಗುತ್ತೆ. ನಾವು ಆಸ್ತಿವಂತರಲ್ಲ. ಆದರೆ ಮನೆ ಮಾಲೀಕ ಆ ತೆರಿಗೆಯನ್ನೂ ಸೇರಿಸಿಯೇ ಬಾಡಿಗೆ ಹೇಳುತ್ತಾನೆ. ಅಂದರೆ ಅದರಲ್ಲಿ ನಮ್ಮವ್ವನ ದುಡಿಮೆಯ ಕಾಸೂ ಇದೆ. ಬೆಂಗಳೂರಿನಲ್ಲಿ ಹೀಗೆ ವಸೂಲಾದ ಹಣವನ್ನು ಪಾಲಿಕೆ ಗ್ರಂಥಾಲಯಗಳಿಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಸಾಲ ಬಾಕಿ ಉಳಿಸಿಕೊಂಡ ಕೂಲಿಯವನ ಮನೆ ಪಾತ್ರೆ ಬೀದಿಗೆ ಬೀಳುತ್ತೆ. ಇವರ ಪಾತ್ರೆ ಯಾರು ಎಸೆಯಬೇಕು?

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ನಿಂತು ನೂರು ವರ್ಷ ದಾಟಿದೆ. ನೋಡೋಕೆ ಚೆಂದ. ನಮ್ಮ ಬಡಾವಣೆಯ ಶಾಖೆ ನೋಡಿ. ಒಂದು ಹಾಲು, ನಾಲ್ಕು ದಿನಪತ್ರಿಕೆ, ಕಾಲು ಮುರಿದ ಬೆಂಚು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಬಹುದಾ ಮೇಡಂ ಎಂದು ಕೇಳಿದೆವು. ‘ಇರೋದು ಒಂದೇ ಪ್ಲಗ್ಗು ಕಣ್ರಪ್ಪಾ, ಅದೂ ಕೆಟ್ಟೋಗಿದೆ. ಬರೆದು ಬರೆದು ಸಾಕಾಯ್ತು’ ಅಂದರು. ಆ ತಾಯಿಯೂ ಗುತ್ತಿಗೆ ಸಂಬಳದವರು.

ದುಡ್ಡಿಲ್ಲ, ಆಗೋಲ್ಲ ಎನ್ನುವವರು ಪಕ್ಕದ ಚೆನ್ನೈ ನೋಡಲಿ. ಅಲ್ಲಿನ ಕೊಳತ್ತೂರಿನಲ್ಲಿ 2024ರ ನವೆಂಬರಿನಲ್ಲಿ ಸರ್ಕಾರವೇ ‘ಮುದಲ್ವರ್ ಪಡೈಪ್ಪಗಂ’ ಎಂಬ ಜಾಗ ತೆರೆಯಿತು. ಓದುವವರಿಗೆ ಒಂದು ಕಡೆ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇನ್ನೊಂದು ಕಡೆ. ಕೆಲಸದ ಮೇಜಿಗೆ ಅರ್ಧ ದಿನಕ್ಕೆ 50 ರೂಪಾಯಿ. ನಮ್ಮ ಲೆಕ್ಕದಲ್ಲಿ ಅದೂ ಬಿಟ್ಟಿಯಾಗಿರಬೇಕು. ಆದರೂ ಒಂದು ಸರ್ಕಾರ ‘ಇವರು ಕೂರಬೇಕು’ ಎಂದು ಒಪ್ಪಿಕೊಂಡಿತಲ್ಲ. ನಮ್ಮ ಐಟಿ ರಾಜಧಾನಿ ಯಾಕೆ ಒಪ್ಪಿಕೊಳ್ಳೋಲ್ಲ?

ನಾವು ಕೇಳೋದು ದಾನವಲ್ಲ. ಗ್ರಂಥಾಲಯದ ಕರ ಗ್ರಂಥಾಲಯಕ್ಕೇ ಹೋಗಲಿ. ಪ್ರತಿ ವಾರ್ಡಿನಲ್ಲಿ ರಾತ್ರಿ ಹತ್ತರವರೆಗೆ ತೆರೆದಿರುವ ಒಂದು ಓದುಮನೆ ಬೇಕು. ಅದರಲ್ಲಿ ಮೇಜು, ಕುರ್ಚಿ, ಕರೆಂಟು, ಇಂಟರ್ನೆಟ್ಟು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ. ಬೀದಿ ಗುಡಿಸಿದವರಿಗೂ ಊಟದ ಡಬ್ಬಿ ಸಾಗಿಸುವವರಿಗೂ ಅಲ್ಲೇ ಒಂದು ಗಳಿಗೆ ಕಾಲು ಚಾಚುವ ಜಾಗ. ಬಾಗಿಲಲ್ಲಿ ಯಾರೂ ‘ನೀನು ಯಾರು’ ಎಂದು ಕೇಳಬಾರದು, ‘ಇನ್ನೇನು ತಗೋತೀಯ’ ಎಂದೂ ಕೇಳಬಾರದು.

ಹಳ್ಳಿಯ ಮೇಷ್ಟ್ರುಗಳೇ, ನಿಮಗೂ ಒಂದು ಮಾತು. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಂದು ಸಂಜೆ ಹೋಗಿ ನೋಡಿ. ಯಾರ ಮಕ್ಕಳು ಒಳಗೆ ಕೂತಿದ್ದಾರೆ, ಯಾರ ಮಕ್ಕಳು ಕಿಟಕಿಯಲ್ಲಿ ನಿಂತು ಇಣುಕುತ್ತಿದ್ದಾರೆ? ಕೇರಿಯ ಮಕ್ಕಳ ಕೈ ಹಿಡಿದು ಒಳಗೆ ಕರೆದೊಯ್ದು ಕೂರಿಸಿ. ಅಲ್ಲಿ ಕೂತು ಅಭ್ಯಾಸವಾದ ಮಗು ನಾಳೆ ಪಟ್ಟಣದಲ್ಲಿ ಎದ್ದೇಳು ಎಂದರೆ ಏಳೋದಿಲ್ಲ.

ವಿದ್ಯಾರ್ಥಿ ಗೆಳೆಯರೇ, ಒಬ್ಬೊಬ್ಬರೇ ಜಾಗ ಹುಡುಕಿದ್ದು ಸಾಕು. ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹತ್ತು ಜನ ಒಟ್ಟಿಗೆ ಹೋಗಿ ಕೂತುಕೊಳ್ಳಿ. ಕುರ್ಚಿ ಸಾಲದಿದ್ದರೆ ನೆಲದ ಮೇಲೆ ಕೂತುಕೊಳ್ಳಿ. ಪ್ಲಗ್ ಕೆಟ್ಟಿದ್ದರೆ ಅರ್ಜಿ ಬರೆದು ಹತ್ತೂ ಜನ ರುಜು ಹಾಕಿ, ಉತ್ತರ ಬರುವವರೆಗೂ ದಿನಾ ಹೋಗಿ.

ಅವ್ವ ಇನ್ನೂ ಹೊಸ್ತಿಲ ಮೇಲೆ ಕೂತಿದ್ದಾಳೆ. ನಮಗೆ ಹೊರಗೊಂದು ಜಾಗ ಸಿಕ್ಕ ದಿನ ಅವಳು ಒಳಗೆ ಹೋಗಿ ನಿದ್ದೆ ಮಾಡುತ್ತಾಳೆ.