ಬಿಳುಪಿನಲ್ಲಿ ಎಷ್ಟು ಬಗೆ?

ಮನೆಗೆ ಬಣ್ಣ ಹಚ್ಚಿಸಬೇಕೆಂದು ನಿರ್ಧಾರವಾದೊಡನೆ ಸಂಸಾರದಲ್ಲಿ ಒಂದು ಸಣ್ಣ ಬಿರುಗಾಳಿ ಏಳುವುದು ಸಹಜ. ಮಗಳ ಮದುವೆಗೆ ಇನ್ನೆರಡು ತಿಂಗಳಿದೆ ಎನ್ನುವಾಗ ಯಜಮಾನರು ಅಂಗಡಿಯಿಂದ ಬಣ್ಣಗಳ ಮಾದರಿ ಪುಸ್ತಕವನ್ನು ತರುತ್ತಾರೆ. ನೀಲಿ, ಹಸುರು, ಗುಲಾಬಿಗಳ ವಿಷಯ ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ. ಅವು ಬೇಡವೆಂದು ಎಲ್ಲರೂ ಒಪ್ಪುತ್ತಾರೆ. ಉಳಿಯುವುವು ಕೆನೆಬಣ್ಣ, ದಂತದ ಬಣ್ಣ, ಮುತ್ತಿನ ಬಿಳುಪು, ಗೋಧಿಬಣ್ಣ, ತೆಳುಬೂದು. ಕಷ್ಟವೆಲ್ಲ ಅಲ್ಲಿಯೇ. ಮೂರು ಸಂಜೆಗಳ ಚರ್ಚೆಯ ಅನಂತರ ಎರಡು ಚೌಕಗಳು ಉಳಿದಿವೆ ಎನ್ನೋಣ. ಯಜಮಾನರ ಕಣ್ಣಿಗೆ ಎರಡೂ ಒಂದೇ. ಗೃಹಿಣಿಯ ಕಣ್ಣಿಗೆ ಅವುಗಳ ನಡುವೆ ಅಜಗಜಾಂತರ. ಮೂಲೆಯ ಕುರ್ಚಿಯಲ್ಲಿರುವ ತಾತನವರು, “ಎರಡೂ ಮಾಸಿದ ಪಂಚೆಯ ಬಣ್ಣ ಕಣಪ್ಪಾ! ಬಿಳುಪೆಲ್ಲಿದೆ ಇದರಲ್ಲಿ?” ಎಂದು ಬಿಡುತ್ತಾರೆ.

ಈ ಮೂವರಲ್ಲಿ ಯಾರೂ ಹಟಮಾರಿಗಳಲ್ಲ. ತಮ್ಮ ತಮ್ಮ ಕಣ್ಣಿಗೆ ಕಂಡುದನ್ನೇ ಅವರು ಹೇಳುತ್ತಿದ್ದಾರೆ.

ಬಿಳುಪು, ಬೂದು, ಗೋಧಿಬಣ್ಣಗಳನ್ನು ಬಣ್ಣವೇ ಅಲ್ಲವೆಂಬಂತೆ ಕಾಣುವುದು ವಾಡಿಕೆ. ಆದರೆ ಗೋಡೆಗೆ ಬಳಿಯುವ ಬಿಳುಪಿನಲ್ಲಿ ಅಚ್ಚಬಿಳುಪು ಅಪರೂಪ. ಅದರೊಳಗೆ ಹಳದಿಯೋ, ಕೆಂಪೋ, ನೀಲಿಯೋ, ಹಸುರೋ ಒಂದು ಒಳಛಾಯೆ ಅಡಗಿರುತ್ತದೆ. ಬಿಳುಪಿಗೆ ಚಿಟಿಕೆ ಹಳದಿ ಮಣ್ಣು ಬೆರೆತರೆ ಕೆನೆ; ಕಪ್ಪು ಮಾತ್ರ ಬೆರೆತರೆ ಬೂದಾಗುವುದಲ್ಲದೆ ಅದರಲ್ಲಿ ನೀಲಿಯ ಸುಳಿವೂ ತೋರುತ್ತದೆ. ಈ ಸೂಕ್ಷ್ಮವನ್ನು ನಮ್ಮ ಮನೆಗಳು ಹಿಂದಿನಿಂದಲೂ ಬಲ್ಲವು. ಒಗೆದ ಪಂಚೆಯನ್ನು ನೀಲಿಯ ನೀರಿನಲ್ಲಿ ಅದ್ದುತ್ತಿದ್ದುದೂ, ಗೋಡೆಯ ಸುಣ್ಣಕ್ಕೆ ಒಂದಿಷ್ಟು ನೀಲಿ ಕಲಸುತ್ತಿದ್ದುದೂ ಹಳದಿಯ ಒಳಛಾಯೆಯನ್ನು ಅಡಗಿಸುವುದಕ್ಕಾಗಿಯೇ.

ಒಳಛಾಯೆಯನ್ನು ಹೊರಗೆಳೆಯುವ ಉಪಾಯ ಸುಲಭ. ಒಂಟಿಯಾಗಿ ನೋಡಿದಾಗ ಬಿಳುಪಾಗಿಯೇ ಕಾಣುವ ಚೌಕವನ್ನು ಬರೆಯುವ ಬಿಳಿಯ ಕಾಗದದ ಮೇಲಿಟ್ಟರೆ ಅದರ ಗುಟ್ಟು ರಟ್ಟಾಗುತ್ತದೆ. ಒಂದು ಬೆಣ್ಣೆಯಂತೆಯೂ, ಇನ್ನೊಂದು ನಸುಗುಲಾಬಿಯಂತೆಯೂ ತೋರುತ್ತದೆ. ಅಂಗಡಿಯಲ್ಲಿ ಒಂದನ್ನು ಕಂಡು, ಅದರ ನೆನಪಿನ ಮೇಲೆ ಮನೆಯಲ್ಲಿ ಇನ್ನೊಂದನ್ನು ತೂಗಿನೋಡುವುದು ಮಾತ್ರ ಸಲ್ಲದು. ಹತ್ತಿರದ ಛಾಯೆಗಳ ವಿಷಯದಲ್ಲಿ ನೆನಪು ನಂಬಿಕೆಗೆ ಅರ್ಹವಲ್ಲ. ಎರಡೂ ಒಂದೇ ಬೆಳಕಿನಲ್ಲಿ ಪಕ್ಕಪಕ್ಕದಲ್ಲಿರಬೇಕು.

ಪಕ್ಕದ ಬಣ್ಣದ ಪ್ರಭಾವವೂ ಸಾಮಾನ್ಯವಾದುದಲ್ಲ. ಪ್ಯಾರಿಸ್ಸಿನ ಗೋಬ್ಲ್ಯಾಂ ಚಿತ್ರಕಂಬಳಿ ಕಾರ್ಖಾನೆಯಲ್ಲಿ 1824ರಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾದ ರಸಾಯನ ವಿಜ್ಞಾನಿ ಶೆವ್ರಲ್‌ನ ಮುಂದೆ ಒಂದು ದೂರು ಬಂದಿತ್ತು. ನೀಲಿ ಮತ್ತು ನೇರಳೆ ನೆಯ್ಗೆಯ ನೆರಳುಭಾಗಗಳಿಗೆ ಬಳಸಿದ ಕಪ್ಪು ನೂಲಿನಲ್ಲಿ ಕಸುವಿಲ್ಲವೆಂಬುದೇ ಆ ದೂರು. ಆತ ಬೇರೆ ಕಡೆಗಳ ಕಪ್ಪು ನೂಲನ್ನು ತರಿಸಿ ಹೋಲಿಸಿ ನೋಡಿದ. ಕಾರ್ಖಾನೆಯ ನೂಲಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆಗಳೇ ಕಪ್ಪನ್ನು ಸಪ್ಪೆಯಾಗಿಸಿ ತೋರಿಸುತ್ತಿದ್ದವು. ಈ ಸಂಗತಿಯ ಬೆನ್ನು ಹತ್ತಿದ ಶೆವ್ರಲ್ 1839ರಲ್ಲಿ ಬಣ್ಣಗಳ ಪರಸ್ಪರ ಪ್ರಭಾವವನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಒಂದು ಬಣ್ಣವು ತನ್ನ ನೆರೆಯ ಬಣ್ಣವನ್ನು ತನಗೆ ವಿರುದ್ಧವಾದ ದಿಕ್ಕಿಗೆ ತಳ್ಳುತ್ತದೆಂಬುದು ಅದರ ಸಾರ.

ನಮ್ಮ ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲಕ್ಕೂ ಈ ಮಾತು ಅನ್ವಯಿಸುತ್ತದೆ. ಕೆಂಪಿನ ಪಕ್ಕದಲ್ಲಿ ತೆಳುಬೂದು ಬಣ್ಣವು ಹಸುರಿನ ಕಡೆಗೆ ವಾಲುತ್ತದೆ. ಆ ಬೂದಿನಲ್ಲಿ ಮೊದಲೇ ಹಸುರಿನ ಒಳಛಾಯೆಯಿದ್ದರಂತೂ ಗೋಡೆಗೆ ಪಾಚಿ ಹಿಡಿದಂತೆ ತೋರಿದರೆ ಆಶ್ಚರ್ಯವಿಲ್ಲ. ಆದುದರಿಂದ ಗೋಡೆಯ ಬಣ್ಣವನ್ನು ಆರಿಸುವಾಗ ಮಾದರಿಯನ್ನು ನೆಲಕ್ಕೂ, ಬಾಗಿಲಿನ ಮರಕ್ಕೂ ತಾಗಿಸಿ ನೋಡತಕ್ಕದ್ದು. ನೆಲವನ್ನು ಬದಲಾಯಿಸುವುದು ಕಷ್ಟ. ಗೋಡೆಯೇ ಅದಕ್ಕೆ ಹೊಂದಿಕೊಳ್ಳಬೇಕು.

ಇನ್ನು ಬೆಳಕಿನ ಮಾತು. ರವಿಕೆಯ ಬಟ್ಟೆಯನ್ನು ಸೀರೆಯೊಡನೆ ಹೊಂದಿಸಲು ಹೋದ ಗೃಹಿಣಿ ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡುತ್ತಾಳೆ. ಅಂಗಡಿಯವನು ಬೇಸರಪಟ್ಟರೂ ಆಕೆಯ ಜಾಣ್ಮೆಯಲ್ಲಿ ಕೊರತೆಯಿಲ್ಲ. ಬೇರೆ ಬೇರೆ ಬಣ್ಣದ್ರವ್ಯಗಳಿಂದಾದ ಎರಡು ವಸ್ತುಗಳು ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡು, ಹಗಲಿನಲ್ಲಿ ಬೇರೆಯಾಗುವುದುಂಟು. ಗೋಡೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಉತ್ತರದ ಕಿಟಕಿಯಿಂದ ವರ್ಷದ ಹೆಚ್ಚಿನ ಕಾಲ ನೇರ ಬಿಸಿಲಿಗಿಂತ ಆಕಾಶದ ತಂಪು ಬೆಳಕೇ ಒಳಗೆ ಬರುತ್ತದೆ. ಅಲ್ಲಿ ನೀಲಿಯ ಒಳಛಾಯೆಯ ಬಿಳುಪು ಇನ್ನಷ್ಟು ತಣ್ಣಗೆ ತೋರುತ್ತದೆ, ಕೆನೆಬಣ್ಣ ಹಿತವೆನಿಸುತ್ತದೆ. ಪಡುವಣ ಕೋಣೆಯಲ್ಲಿ ಸಂಜೆಯ ಕಿತ್ತಳೆ ಬಿಸಿಲು ಕೆನೆಯನ್ನು ಹಳದಿಯಾಗಿಸಿಬಿಡುತ್ತದೆ. ಕಿಟಕಿಯ ಹೊರಗೆ ಮಾವಿನ ಮರವಿದ್ದರೆ ಅದರ ಹಸುರೂ ಗೋಡೆಯ ಮೇಲೆ ಇಣುಕುತ್ತದೆ. ರಾತ್ರಿಯ ದೀಪವೂ ಒಂದೇ ಬಗೆಯದಲ್ಲ. ಎಲ್.ಇ.ಡಿ. ದೀಪದ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಅದು ಹಳೆಯ ತಂತಿಬಲ್ಬಿನಂತೆ ಹಳದಿ. 6500 ಎಂದಿದ್ದರೆ ನೀಲಿಗೆ ಸಮೀಪವಾದ ಬಿಳುಪು. ಬಣ್ಣಕ್ಕಿಂತ ಮೊದಲು ದೀಪವನ್ನು ನಿಶ್ಚಯಿಸಿಕೊಂಡರೆ ಅರ್ಧ ಜಗಳ ಕಡಿಮೆಯಾದೀತು.

ಹೀಗಿರುವಲ್ಲಿ, ಬೆರಳಗಲದ ಚೌಕವನ್ನು ನಂಬಿ ಸಾವಿರಾರು ರೂಪಾಯಿಯ ಬಣ್ಣ ಕೊಳ್ಳುವುದು ಜಾಣತನವಲ್ಲ. ಎರಡೂ ಬಣ್ಣಗಳ ಚಿಕ್ಕ ಡಬ್ಬಿಗಳನ್ನು ತರಿಸಿ, ಎರಡು ಅಡಿ ಉದ್ದಗಲದ ರಟ್ಟುಗಳಿಗೆ ಎರಡೆರಡು ಸಲ ಬಳಿದು, ಪೂರ್ತಿ ಒಣಗಿಸಬೇಕು. ಹಸಿಯಾಗಿದ್ದಾಗಿನ ಬಣ್ಣ ಒಣಗಿದ ಮೇಲೆ ಅದೇ ಆಗಿ ಉಳಿಯುವುದಿಲ್ಲ. ರಟ್ಟಿನ ಸುತ್ತ ಬಿಳಿಯ ಅಂಚನ್ನು ಬಿಟ್ಟರೆ ಹಳೆಯ ಗೋಡೆಯ ಬಣ್ಣವು ಕಣ್ಣನ್ನು ಮೋಸಗೊಳಿಸದು. ಗೋಡೆ ನಿಂತಿರುವಂತೆ ರಟ್ಟನ್ನೂ ನಿಲ್ಲಿಸಿ, ಬೆಳಗ್ಗೆ, ನಡುಹಗಲು, ದೀಪ ಹಚ್ಚಿದ ಮೇಲೆ ಹೀಗೆ ಮೂರು ಹೊತ್ತು ನೋಡಬೇಕು. ನಾಲ್ಕು ಗೋಡೆಗಳೂ ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುವುದರಿಂದ ಕೋಣೆಯಲ್ಲಿ ಬಣ್ಣವು ಮಾದರಿಗಿಂತ ಗಾಢವಾಗಿಯೇ ತೋರುತ್ತದೆ. ಸಂಶಯ ಬಂದಾಗ ತೆಳುವಾದುದನ್ನು ಆರಿಸುವುದು ಮೇಲು. ಬೇಕಾದ ಬಣ್ಣವನ್ನೆಲ್ಲ ಒಮ್ಮೆಗೇ ಕೊಳ್ಳಬೇಕು. ಒಂದೇ ಹೆಸರಿನ ಬಣ್ಣವಾದರೂ ಬೇರೆ ಬೇರೆ ಸಲ ಬೆರೆಸಿದಾಗ ಕೂದಲೆಳೆಯಷ್ಟು ಭೇದ ಬರಬಹುದು. ನಡುಗೋಡೆಯಲ್ಲಿ ಆ ಭೇದ ಎದ್ದುಕಾಣುತ್ತದೆ.

ಈಗ ತಾತನವರ ಮಾತಿಗೆ ಹಿಂತಿರುಗಬಹುದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರವೇ ಹಳದಿಗಟ್ಟುತ್ತದೆ. ಪೊರೆ ಬೆಳೆದರೆ ಲೋಕವೆಲ್ಲ ಕಂದು ಗಾಜಿನ ಮೂಲಕ ಕಂಡಂತೆ ಆಗುವುದುಂಟು. ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಮೊನೆಗೂ ಈ ತೊಂದರೆ ತಪ್ಪಲಿಲ್ಲ. 1923ರಲ್ಲಿ ಆತನ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಬದಲಾವಣೆ ನಿಧಾನವಾಗಿ ಬರುವುದರಿಂದ ಅದು ಸ್ವತಃ ಹಿರಿಯರಿಗೇ ತಿಳಿಯದೆ ಹೋಗಬಹುದು. ಮನೆಮಂದಿಗೆಲ್ಲ ಬಿಳುಪಾಗಿರುವುದು ಒಬ್ಬರಿಗೆ ಮಾತ್ರ ಮಾಸಿದಂತೆ ಕಂಡರೆ ನಗುವುದು ತರವಲ್ಲ. ಅವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುವುದೇ ಸರಿಯಾದ ಉತ್ತರ.

ಇಂತಹ ಕಣ್ಣುಗಳಿರುವ ಮನೆಯಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಗೋಡೆ, ನೆಲ, ಮೆಟ್ಟಿಲು ಎಲ್ಲವೂ ಒಂದೇ ಗೋಧಿಬಣ್ಣದಲ್ಲಿದ್ದರೆ ನೋಟಕ್ಕೆ ಸೊಗಸಿರಬಹುದು. ಆದರೆ ಮೆಟ್ಟಿಲಿನ ಅಂಚು ಎಲ್ಲಿ ಮುಗಿಯಿತೆಂಬುದು ಹಿರಿಯರಿಗೆ ಕಾಣದೆ, ಒಂದು ತಪ್ಪು ಹೆಜ್ಜೆ ಸೊಂಟವನ್ನೇ ಮುರಿದೀತು. ಹತ್ತಿರದ ಛಾಯೆಗಳು ಗೋಡೆಗೆ ಒಪ್ಪುತ್ತವೆ, ಮೆಟ್ಟಿಲಿಗೆ ಒಪ್ಪುವುದಿಲ್ಲ. ಪ್ರತಿ ಮೆಟ್ಟಿಲಿನ ಅಂಚಿಗೂ ಗಾಢವಾದ ಒಂದು ಪಟ್ಟೆ ಬೇಕು; ಬಚ್ಚಲುಮನೆಯ ಹೊಸ್ತಿಲಿಗೂ ಅಷ್ಟೆ.

ಮೂರು ಹೊತ್ತು ನೋಡಿದ ಮೇಲೂ ಎರಡು ಬಣ್ಣಗಳಲ್ಲಿ ಭೇದವೇ ತೋರದಿದ್ದರೆ ಆಗ ಚರ್ಚೆಗೆ ಮಂಗಳ ಹಾಡಬಹುದು. ಒರೆಸಿದರೆ ಕಲೆ ಹೋಗುವಂತಹುದು, ಬೆಲೆಯಲ್ಲಿ ಹಗುರವಾದುದು ಯಾವುದೋ ಅದೇ ಒಳ್ಳೆಯ ಬಣ್ಣ. ಮದುವೆಗೆ ಬಂದ ನೆಂಟರು ಗೋಡೆ ಕೆನೆಯೋ ದಂತವೋ ಎಂದು ಕೇಳುವುದಿಲ್ಲ. ಮನೆ ಬೆಳಕಾಗಿದೆ ಎನ್ನುತ್ತಾರೆ. ಆ ಬೆಳಕಿನಲ್ಲಿ ತಾತನವರು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಬಂದು ಮೊಮ್ಮಗಳಿಗೆ ಅಕ್ಷತೆ ಹಾಕಿದರೆ, ಆರಿಸಿದ ಶ್ರಮ ಸಾರ್ಥಕವಾದಂತೆ.