ಭ್ರೂಣದ ಅಂಕಪಟ್ಟಿ

ಹೆಣ್ಣು ನೋಡಲು ಬಂದವರು ಮೂಗು, ಮೈಬಣ್ಣ, ಜಡೆ ಅಳೆಯುವುದನ್ನು ನಾವು ಬಯ್ಯುತ್ತಲೇ ಬಂದಿದ್ದೇವೆ. ಈಗ ಆ ಅಳತೆ ಐದು ದಿನದ ಭ್ರೂಣದವರೆಗೆ ಹೋಗಿ ಮುಟ್ಟಿದೆ. ಐವಿಎಫ್ ಪ್ರಯೋಗಾಲಯದಲ್ಲಿ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಎಷ್ಟು ಉಬ್ಬಿದೆ ಎಂದು 1ರಿಂದ 6ರವರೆಗೆ ಒಂದು ಅಂಕಿ ಕೊಡುತ್ತಾರೆ. ಮಗುವಾಗಬೇಕಾದ ಒಳಗುಂಪಿಗೆ ಎ, ಬಿ, ಸಿ ಎಂದು ಒಂದು ಅಕ್ಷರ, ಮಾಸು ಆಗಬೇಕಾದ ಹೊರಪದರಕ್ಕೆ ಇನ್ನೊಂದು. 1999ರಲ್ಲಿ ಗಾರ್ಡ್ನರ್ ಮತ್ತು ಸ್ಕೂಲ್‌ಕ್ರಾಫ್ಟ್ ಹಾಕಿಕೊಟ್ಟ ಲೆಕ್ಕ. ಯಾವುದನ್ನು ಮೊದಲು ಗರ್ಭಕ್ಕೆ ಸೇರಿಸಬೇಕೆಂದು ಆಯಲು ಲ್ಯಾಬಿನವರಿಗೆ ಇದು ಬೇಕು, ಒಪ್ಪೋಣ. ಇದನ್ನೇ ದಂಪತಿಗಳ ಕೈಗೆ ಜಾತಕದ ಹಾಗೆ ಕೊಡುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆ.

ನನ್ನ ಅಕ್ಕನ ಮಗಳು 39ನೆಯ ವಯಸ್ಸಿನಲ್ಲಿ ಈ ಚಿಕಿತ್ಸೆಗೆ ಹೋದಳು. ಒಂದು ಸಂಜೆ ಫೋನ್ ಮಾಡಿ, "ಚಿಕ್ಕಮ್ಮಾ, ಒಂದಕ್ಕೆ ಡಬಲ್ ಎ ಬಂದಿದೆ, ಇನ್ನೊಂದು ಬರೀ ಬಿ ಸಿ" ಎಂದಳು. ಎಸ್ಸೆಸ್ಸೆಲ್ಸಿ ರಿಸಲ್ಟ್ ಹೇಳುವ ದನಿ. ಡಬಲ್ ಎ ಭ್ರೂಣದ ಫೋಟೋವನ್ನೂ ಕೊಟ್ಟಿದ್ದರು. ಎಂಟನೆಯ ವಾರದಲ್ಲಿ ಅದು ಹೋಯಿತು. "ಅಷ್ಟು ಚೆನ್ನಾಗಿತ್ತಲ್ಲ, ನನ್ನ ಗರ್ಭಕೋಶವೇ ಸರಿಯಿಲ್ಲ" ಎಂದು ತನ್ನನ್ನೇ ದೂರಿಕೊಂಡಳು. ಭ್ರೂಣವನ್ನು ಹೊರಗಿನಿಂದ ನೋಡಿದರೆ ವರ್ಣತಂತುಗಳ ಎಣಿಕೆ ಕಾಣುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. 46ರ ಬದಲು 45 ಇದ್ದರೂ 47 ಇದ್ದರೂ ಅದು ದುಂಡಗೆ, ಅಂದವಾಗಿ ಬೆಳೆಯಬಲ್ಲದು. ಸೊರಗಿದಂತೆ ಕಾಣುವ ಬಿ ಸಿಯಲ್ಲಿ ಲೆಕ್ಕ ಸರಿಯಿರಬಹುದು. ನೂರಾರು ಭ್ರೂಣಗಳನ್ನು ಒಟ್ಟಿಗೆ ನೋಡಿದರೆ ಚೆಂದದವುಗಳಲ್ಲಿ ದೋಷ ತುಸು ಕಡಿಮೆ, ನಿಜ. ಆದರೆ ಮುಂದಿರುವ ಒಂದು ಭ್ರೂಣದ ಮೇಲೆ ತೀರ್ಪು ಕೊಡಲು ಅದು ಸಾಲದು. ಎಣಿಕೆ ತಪ್ಪುವುದು ಹೆಚ್ಚಾಗಿ ಅಂಡಾಣು ಪಕ್ವವಾಗುವಾಗ. ತಾಯಿಗೆ 40 ದಾಟಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭ್ರೂಣಗಳಲ್ಲಿ ಈ ದೋಷವಿರುತ್ತದೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಇದೇ ಕಾರಣ. ಗರ್ಭಕೋಶವನ್ನು ಯಾಕೆ ಬಯ್ಯಬೇಕು?

ಜಾತಕದವರು ದೋಷಕ್ಕೆ ಶಾಂತಿ ಹೇಳುವಂತೆ ಇಲ್ಲಿಯೂ ಒಂದು ಶಾಂತಿಯುಂಟು: ಪಿಜಿಟಿ-ಎ ಎಂಬ ಪರೀಕ್ಷೆ. (ದಕ್ಷಿಣೆ ಬೇರೆ.) ಹೊರಪದರದಿಂದ ಐದಾರು ಜೀವಕೋಶ ಚಿವುಟಿ ವರ್ಣತಂತು ಎಣಿಸುತ್ತಾರೆ. ಒಂದು ಅಗುಳು ಹಿಚುಕಿ ಅನ್ನ ಬೆಂದಿತೆನ್ನುವ ನ್ಯಾಯ. ಆದರೆ ಇಲ್ಲಿ ಕೆಲವು ಅಗುಳು ಬೆಂದು ಕೆಲವು ಬೇಯದೆ ಇರುವುದುಂಟು. ಅಂಥ ಮಿಶ್ರ ಭ್ರೂಣಗಳನ್ನು ಇಟಲಿಯ ವೈದ್ಯರು 18 ಮಹಿಳೆಯರಿಗೆ ಸೇರಿಸಿದಾಗ 6 ಮಂದಿಗೆ ಆರೋಗ್ಯವಂತ ಮಕ್ಕಳಾದವೆಂದು 2015ರಲ್ಲಿ ವರದಿಯಾಯಿತು. 2021ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿದ್ದವರು 1,212 ಮಹಿಳೆಯರು. ಎಲ್ಲರೂ 37ರೊಳಗಿನವರು, ಕನಿಷ್ಠ ಮೂರು ಒಳ್ಳೆಯ ಭ್ರೂಣವಿದ್ದವರು. ಪರೀಕ್ಷೆ ಮಾಡಿಸಿದವರಲ್ಲಿ ಶೇ. 77.2 ಮಂದಿಗೆ ಮಗುವಾಯಿತು, ರೂಪ ನೋಡಿ ಆರಿಸಿದವರಲ್ಲಿ ಶೇ. 81.8. ಗರ್ಭಪಾತ ಮಾತ್ರ ಪರೀಕ್ಷೆಯಾದವರಲ್ಲಿ ಕಡಿಮೆ. ಕೆಟ್ಟ ಭ್ರೂಣವನ್ನು ಒಳ್ಳೆಯದು ಮಾಡುವ ಶಕ್ತಿ ಯಾವ ಪರೀಕ್ಷೆಗೂ ಇಲ್ಲವಲ್ಲ.

ಫೋಟೋ ಕೊಡಬೇಡಿ ಎನ್ನುವುದಿಲ್ಲ. ಕೊಟ್ಟರೆ ಅದರ ಹಿಂಬದಿಯಲ್ಲಿ, ಈ ತಾಯಿಯ ವಯಸ್ಸಿಗೆ ನೂರು ಭ್ರೂಣಗಳಲ್ಲಿ ಎಷ್ಟರಲ್ಲಿ ವರ್ಣತಂತು ದೋಷವಿರುತ್ತದೆ ಎಂದು ಅಚ್ಚು ಹಾಕಿಸಿ. ಬಿಲ್ಲಿನಲ್ಲಿ ಅಷ್ಟೊಂದು ಸಾಲುಗಳಿರುವಾಗ ಇದೊಂದು ಸಾಲಿಗೆ ಜಾಗವಿಲ್ಲವೇ?