ಕಡಲಿಲ್ಲದ ಸೀಮೆಯ ತೀರ್ಥಗಳು: ಕುರುವತ್ತಿ, ಕೋಗಳಿ, ಅಂಕಸಮುದ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ, ಈ ಐದು ತಾಲ್ಲೂಕುಗಳಿಗೆ ಕಡಲಿಲ್ಲ. ಮಳೆಯನ್ನು ನೆಚ್ಚಿದ ಬಯಲು, ಕುರುಚಲು ಕಾಡು, ಕಲ್ಲುಗುಡ್ಡ, ಪಶ್ಚಿಮ ಮತ್ತು ಉತ್ತರದ ಅಂಚಿನಲ್ಲಿ ಹರಿಯುವ ತುಂಗಭದ್ರೆ ಇಲ್ಲಿನ ಭೂಲಕ್ಷಣ. ಆದರೂ ಇಲ್ಲಿಯ ಜನ ತಮ್ಮ ಕೆರೆಯನ್ನು ‘ಸಮುದ್ರ’ವೆಂದು ಕರೆದರು, ಅಂಕಸಮುದ್ರ ಅದಕ್ಕೆ ಸಾಕ್ಷಿ. ನೀರಿನ ಅಭಾವವಿದ್ದ ಕಡೆಯಲ್ಲಿಯೇ ನೀರಿನ ಹೆಸರು ದೊಡ್ಡದಾಗುವುದು ಭಾಷೆಯ ಸಹಜ ಧರ್ಮ. ಅಣೆಕಟ್ಟಿನ ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿಗಳ ಮಗ್ಗುಲಲ್ಲಿ ದಿಗಂತದವರೆಗೆ ಚಾಚಿಕೊಂಡ ಮೇಲೆ ಈ ಸೀಮೆಗೆ ಒಂದು ಬಗೆಯ ಕಡಲತೀರವೇ ಬಂದಂತಾಯಿತು. ತೀರವಿದ್ದಲ್ಲಿ ವಿಹಾರಧಾಮದ ಕನಸು ಹುಟ್ಟುವುದು ಆಶ್ಚರ್ಯವಲ್ಲ. ಹಂಪಿಯ ಸುತ್ತ ಬೆಳೆದ ರೆಸಾರ್ಟುಗಳ ಮಾದರಿ ಕಣ್ಣೆದುರಿಗೇ ಇದೆ. ಆ ಮಾದರಿಯನ್ನು ಹಾಗೆಯೇ ತಂದು ನೆಡುವ ಮೊದಲು, ನೀರು, ಆರೋಗ್ಯ ಮತ್ತು ಯಾತ್ರೆಗಳ ಸಂಬಂಧವನ್ನು ಈ ನೆಲ ಹೇಗೆ ಚಿಂತಿಸಿತ್ತು ಎಂಬುದನ್ನು ಪರಿಶೀಲಿಸುವುದು ಅಗತ್ಯ.

‘ಸ್ಪಾ’ ಎಂಬ ಮಾತು ಇಂದಿನ ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಅಲ್ಲಿನ ಖನಿಜಯುಕ್ತ ಚಿಲುಮೆಗಳ ಖ್ಯಾತಿಯಿಂದ ಅಂಕಿತನಾಮವು ರೂಢನಾಮವಾಯಿತು. ಇಂಗ್ಲೆಂಡಿನ ಸ್ಕಾರ್‌ಬರೋದಲ್ಲಿ ಹದಿನೇಳನೆಯ ಶತಮಾನದಲ್ಲಿ ಕಡಲ ದಡದಲ್ಲಿಯೇ ಇಂಥ ಚಿಲುಮೆ ದೊರೆತು, ಚಿಲುಮೆಯ ನೀರು ಕುಡಿಯಲು ಬಂದವರು ಕ್ರಮೇಣ ಸಮುದ್ರಸ್ನಾನಕ್ಕೂ ಇಳಿದರು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿರೋಗಗಳಿಗೆ ಸಮುದ್ರದ ನೀರು ಮದ್ದೆಂದು ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ಬರೆದನು. ಅವನು ನೆಲೆಸಿದ ಬ್ರೈಟನ್, ಮೀನುಗಾರರ ಹಳ್ಳಿಯಾಗಿದ್ದುದು, 1783ರ ಅನಂತರ ಯುವರಾಜ ಜಾರ್ಜನ ಆಗಮನದಿಂದ ಸಿರಿವಂತರ ನಗರವಾಯಿತು. ಈ ಚರಿತ್ರೆಯ ಕ್ರಮ ಗಮನಾರ್ಹ: ಮೊದಲು ರೋಗಿ ಬಂದನು, ಅವನ ಹಿಂದೆ ಸಿರಿವಂತ ಬಂದನು, ಕೊನೆಗೆ ವಿಹಾರಿ ಬಂದನು. ಚಿಕಿತ್ಸೆಯ ನೆಪದಲ್ಲಿ ಆರಂಭವಾದದ್ದು ಭೋಗದಲ್ಲಿ ನೆಲೆಗೊಂಡಿತು.

ಕನ್ನಡ ಕಾವ್ಯಕ್ಕೆ ಇದು ಪೂರ್ಣ ಅಪರಿಚಿತವಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಉಂಟು, ಜಲಕ್ರೀಡೆಯೂ ಉಂಟು. ಒಳನಾಡಿನ ಜೈನಕವಿಗಳು ಕಡಲನ್ನೂ ಕೊಳವನ್ನೂ ಕವಿಸಮಯದ ಕಣ್ಣಿನಿಂದ ಕಂಡು ವರ್ಣಿಸಿದರು. ಆದರೆ ಪುರಾಣಕಾವ್ಯದಲ್ಲಿ ಜಲಕೇಳಿಯ ಸ್ಥಾನ ನಿಶ್ಚಿತವಾದುದು. ಅದು ಭೋಗದ ಅಂಗ, ಮುಂದೆ ಬರುವ ವೈರಾಗ್ಯಕ್ಕೆ ಪೂರ್ವಪೀಠಿಕೆ. ಭೋಗವನ್ನು ವರ್ಣಿಸಲು ಕವಿ ಸಂಕೋಚಪಡುವುದಿಲ್ಲ. ಅದನ್ನೇ ಮೋಕ್ಷವೆಂದು ಕರೆಯುವುದನ್ನು ಮಾತ್ರ ಒಪ್ಪುವುದಿಲ್ಲ.

ಈ ವಿವೇಕದ ಶಾಸ್ತ್ರೀಯ ರೂಪ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿದೆ. ಸಮ್ಯಗ್ದರ್ಶನವನ್ನು ಕೆಡಿಸುವ ಮೂಢತೆಗಳನ್ನು ಹೇಳುವಾಗ ಆಚಾರ್ಯರು ನದಿ ಮತ್ತು ಸಮುದ್ರದ ಸ್ನಾನವನ್ನು, ಮರಳು ಕಲ್ಲುಗಳ ರಾಶಿ ಹಾಕುವುದನ್ನು, ಗಿರಿಯಿಂದ ಬೀಳುವುದನ್ನು, ಅಗ್ನಿಪ್ರವೇಶವನ್ನು ಒಂದೇ ಸಾಲಿನಲ್ಲಿರಿಸಿ ಲೋಕಮೂಢತೆಯೆಂದು ಕರೆದಿದ್ದಾರೆ. ಇದನ್ನು ಸ್ನಾನದ್ವೇಷವೆಂದು ತಿಳಿಯಬಾರದು. ನೀರು ಮೈಯ ಕೊಳೆಯನ್ನು ತೊಳೆಯುತ್ತದೆಂಬುದರ ಬಗ್ಗೆ ಯಾರಿಗೂ ತಕರಾರಿಲ್ಲ. ಕರ್ಮದ ಕೊಳೆಯನ್ನೂ ಅದೇ ತೊಳೆಯುತ್ತದೆಂದು ನಂಬುವುದೇ ಮೂಢತೆ. ‘ತೀರ್ಥ’ ಎಂದರೆ ಜೈನರಿಗೆ ಮುಳುಗುವ ಸ್ಥಳವಲ್ಲ, ದಾಟುವ ಸ್ಥಳ. ದಾಟಲು ಕಡವನ್ನು ಕಟ್ಟಿಕೊಟ್ಟವನು ತೀರ್ಥಂಕರ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಕಿಯರ ಸಂಘವೇ ತೀರ್ಥ. ನೀರಿನ ಊರನ್ನು ಅಳೆಯಲು ಇದಕ್ಕಿಂತ ಕಟುವಾದ, ಆದರೆ ಇದಕ್ಕಿಂತ ಪ್ರಾಮಾಣಿಕವಾದ ಅಳತೆಗೋಲು ಸಿಗುವುದು ಕಷ್ಟ.

ಈ ಅಳತೆಗೋಲನ್ನು ಹಿಡಿದು ನೋಡಬೇಕಾದ ಮೊದಲ ಸ್ಥಳ ಕುರುವತ್ತಿ, ಶಾಸನಗಳ ಕುರುವರ್ತಿ. ಹಡಗಲಿ–ಹರಪನಹಳ್ಳಿ ಸೀಮೆಯ ಈ ನದೀತೀರದ ಊರಿನಲ್ಲಿ 1068ರ ಮಾರ್ಚ್ ತಿಂಗಳ ಕೊನೆಯಲ್ಲಿ ಕಲ್ಯಾಣ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಆಹವಮಲ್ಲ ಒಂದನೆಯ ಸೋಮೇಶ್ವರನು ತುಂಗಭದ್ರೆಯನ್ನು ಪ್ರವೇಶಿಸಿ ದೇಹತ್ಯಾಗ ಮಾಡಿದನು. ಶಾಸನವು ಇದನ್ನು ಪರಮಯೋಗವೆಂದು ವರ್ಣಿಸುತ್ತದೆ. ಬಿಲ್ಹಣನ ‘ವಿಕ್ರಮಾಂಕದೇವಚರಿತ’ದ ಪ್ರಕಾರ ಅರಸನಿಗೆ ಜ್ವರ ಬಂದು ಯಾವ ಮದ್ದಿಗೂ ಜಗ್ಗದೆ ಉಲ್ಬಣಿಸಿತು, ದಕ್ಷಿಣದ ಗಂಗೆಯೆನಿಸಿದ ತುಂಗಭದ್ರೆಯಲ್ಲಿ ಶಿವಧ್ಯಾನಪರನಾಗಿ ಪ್ರಾಣ ಬಿಡಲು ಅವನು ನಿಶ್ಚಯಿಸಿದನು. ಬಿಲ್ಹಣನು ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ; ತಂದೆಯ ಮರಣವನ್ನು ಭವ್ಯವಾಗಿಸುವುದರಲ್ಲಿ ಮಗನ ಕವಿಗೆ ಆಸಕ್ತಿಯಿತ್ತು. ಮುಂದೆ ವಿಕ್ರಮಾದಿತ್ಯನು ಅಣ್ಣನನ್ನು ಕೆಳಗಿಳಿಸಿ ಸಿಂಹಾಸನವೇರಿದ ಪ್ರಸಂಗಕ್ಕೆ ಈ ಕರುಣಚಿತ್ರವು ನೈತಿಕ ಭೂಮಿಕೆಯನ್ನು ಒದಗಿಸುತ್ತದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದು.

ಅಂತೂ ರೋಗಿಯೊಬ್ಬನು ನೀರನ್ನು ಅರಸಿ ಬಂದ ಕಥೆ ಇಲ್ಲಿಯೂ ಇದೆ. ಅವನು ಗುಣವಾಗಲು ಬರಲಿಲ್ಲ ಎಂಬುದೇ ವ್ಯತ್ಯಾಸ. ಸಮಂತಭದ್ರರು ಸಲ್ಲೇಖನೆಗೆ ಒಪ್ಪಿದ ಕಾರಣಗಳಲ್ಲಿ ಪ್ರತೀಕಾರವಿಲ್ಲದ ರೋಗವೂ ಒಂದು. ಕಾರಣ ಸಮಾನವಾದರೂ ಮಾರ್ಗ ಬೇರೆ. ಜಲಪ್ರವೇಶದಲ್ಲಿ ನದಿಯು ದೇಹವನ್ನು ಒಮ್ಮೆಲೇ ತೆಗೆದುಕೊಳ್ಳುತ್ತದೆ. ಸಲ್ಲೇಖನೆಯಲ್ಲಿ ಸಾಧಕನು ಕಷಾಯವನ್ನೂ ಆಹಾರವನ್ನೂ ಕ್ರಮವಾಗಿ ಕೃಶಗೊಳಿಸಿ ಎಚ್ಚರದಿಂದ ಬಿಡುತ್ತಾನೆ. ಸ್ವಾರಸ್ಯವೆಂದರೆ ದೇವಚಂದ್ರನ ‘ರಾಜಾವಳಿಕಥೆ’ಯಲ್ಲಿ ಸ್ವತಃ ಸಮಂತಭದ್ರರಿಗೆ ಭಸ್ಮಕರೋಗ ಬಂದ ಐತಿಹ್ಯವಿದೆ. ಅವರು ಸಲ್ಲೇಖನೆಗೆ ಅನುಮತಿ ಕೇಳಿದಾಗ ಗುರುಗಳು ನಿರಾಕರಿಸಿ, ಮೊದಲು ರೋಗವನ್ನು ಶಮನಗೊಳಿಸಿಕೊಳ್ಳಬೇಕೆಂದು ಆಜ್ಞಾಪಿಸಿದರಂತೆ. ದೇಹತ್ಯಾಗವನ್ನು ಒಪ್ಪುವ ಪರಂಪರೆಯೇ ಚಿಕಿತ್ಸೆಯನ್ನು ಕರ್ತವ್ಯವೆಂದು ಹೇಳಿದ ಈ ಕಥೆ ತೂಕವುಳ್ಳದ್ದು. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನೆಯನ್ನು ಅಪರಾಧವೆಂದು ತೀರ್ಮಾನಿಸಿ, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿದ ಸಂದರ್ಭದಲ್ಲಿ ನಡೆದ ಚರ್ಚೆಗಳಿಗೆ ಕುರುವತ್ತಿಯ ಉದಾಹರಣೆ ಬಹಳ ಬೆಳಕು ನೀಡಬಹುದಿತ್ತು.

ಇಂದು ಕುರುವತ್ತಿಗೆ ಹೋದ ಪ್ರವಾಸಿ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರ ಸೊಬಗಿಗೆ ಮಾರುಹೋಗುತ್ತಾನೆ. ಅದು ಯುಕ್ತವೇ. 1896ರಲ್ಲಿಯೇ ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥದಲ್ಲಿ ಈ ಸೀಮೆಯ ಗುಡಿಗಳನ್ನು ವಿದ್ವಲ್ಲೋಕದ ಮುಂದಿಟ್ಟನು. ಬಾಗಳಿಯ ಕಲ್ಲೇಶ್ವರ, ಮಾಗಳದ ನದೀತೀರದ ಗುಡಿ, ಅಂಬಳಿಯ ಕಲ್ಲೇಶ್ವರ ಇವೆಲ್ಲ ಶಿಲ್ಪಪ್ರಿಯರಿಗೆ ಹಬ್ಬ. ಆದರೆ ಶಿಲ್ಪವನ್ನು ಕಂಡು, ಹೊಳೆಯ ದಡದಲ್ಲಿ ಚಿತ್ರ ತೆಗೆಸಿಕೊಂಡು ಮರಳುವವನಿಗೆ, ಆ ಹೊಳೆಯಲ್ಲಿ ಒಬ್ಬ ಚಕ್ರವರ್ತಿ ಇಳಿದು ಮರಳಿ ಮೇಲೆ ಬರಲಿಲ್ಲವೆಂಬುದು ತಿಳಿಯದಿದ್ದರೆ ಅವನು ಕುರುವತ್ತಿಯನ್ನು ನೋಡಿದಂತಾಯಿತೆ?

ಎರಡನೆಯ ಸ್ಥಳ ಕೋಗಳಿ. ಕೋಗಳಿ ಐನೂರರ ಮುಖ್ಯಸ್ಥಳ. ಇಲ್ಲಿನ 992ರ ಶಾಸನವು ಇಮ್ಮಡಿ ತೈಲಪನು ಚೋಳರನ್ನು ಗೆದ್ದು ನೂರೈವತ್ತು ಆನೆಗಳನ್ನು ವಶಪಡಿಸಿಕೊಂಡುದನ್ನು ತಿಳಿಸುತ್ತದೆ. ಮರುವರ್ಷ, 993ರಲ್ಲಿ, ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನ ‘ಅಜಿತಪುರಾಣ’ ಪೂರ್ಣಗೊಂಡಿತು. ಇನ್ನೊಂದು, 1055ರ ಶಾಸನ, ತ್ರೈಲೋಕ್ಯಮಲ್ಲನ ಆಳ್ವಿಕೆಗೆ ಸೇರಿದ್ದು. ಕೋಗಳಿಯ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದೂ ಅದಕ್ಕೆ ಇಂದ್ರಕೀರ್ತಿ ಮುನಿಗಳು ದಾನ ನೀಡಿದರೆಂದೂ ಅದು ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನು ಇಲ್ಲಿನ ಚೆನ್ನಪಾರ್ಶ್ವ ಬಸದಿಗೆ ಸುವರ್ಣದಾನ ಮಾಡಿದನು. ದುರ್ವಿನೀತನೆಂದರೆ ‘ಕವಿರಾಜಮಾರ್ಗ’ವು ಕನ್ನಡದ ಪ್ರಾಚೀನ ಗದ್ಯಕಾರರ ಸಾಲಿನಲ್ಲಿ ಹೆಸರಿಸುವ ವ್ಯಕ್ತಿ. ಅವನ ಗದ್ಯದ ಒಂದು ವಾಕ್ಯವೂ ಉಳಿದಿಲ್ಲ. ಅವನ ಹೆಸರಿನೊಡನೆ ಬೆಸೆದುಕೊಂಡ ಬಸದಿಯ ನೆನಪು ಕೋಗಳಿಯ ಕಲ್ಲಿನಲ್ಲಿ ಉಳಿದಿದೆ. 1055ರ ಶಾಸನ ಅವನಿಗಿಂತ ಐದು ಶತಮಾನ ಈಚಿನದಾದ್ದರಿಂದ ಅದನ್ನು ನೇರ ಸಾಕ್ಷ್ಯವೆನ್ನಲಾಗದು. ಆದರೆ ಐದು ಶತಮಾನಗಳ ಕಾಲ ಒಂದು ಊರು ತನ್ನ ನಿರ್ಮಾತೃವೆಂದು ಒಬ್ಬ ಲೇಖಕ-ಅರಸನನ್ನು ನೆನೆದುಕೊಂಡಿತ್ತೆಂಬುದಕ್ಕೆ ಅದು ನಿರ್ವಿವಾದ ಸಾಕ್ಷ್ಯ.

ಕುರುವತ್ತಿ ಮತ್ತು ಕೋಗಳಿಗಳನ್ನು ಜೊತೆಯಾಗಿ ಓದಿದಾಗ ಒಂದು ಚಿತ್ರ ಮೂಡುತ್ತದೆ. ಒಬ್ಬನೇ ಅರಸನ ಆಳ್ವಿಕೆಯಲ್ಲಿ, ಹದಿಮೂರು ವರ್ಷಗಳ ಅಂತರದಲ್ಲಿ, ಒಂದೇ ಸೀಮೆಯಲ್ಲಿ ಎರಡು ತೀರ್ಥಗಳು ಜೀವಂತವಾಗಿದ್ದವು. ಒಂದರಲ್ಲಿ ನದಿಯೇ ತೀರ್ಥ. ಇನ್ನೊಂದರಲ್ಲಿ ಸಂಘವೇ ತೀರ್ಥ. ಎರಡನೆಯದರ ಆಧಾರ ಚತುರ್ವಿಧ ದಾನ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಇವುಗಳಲ್ಲಿ ಭೈಷಜ್ಯವು ಮೂರನೆಯದು. ಔಷಧವನ್ನು ದಾನವೆಂದು ಪರಿಗಣಿಸಿದ ಪರಂಪರೆಯಲ್ಲಿಯೇ ಉಗ್ರಾದಿತ್ಯನು ‘ಕಲ್ಯಾಣಕಾರಕ’ವನ್ನು ಬರೆದು ವೈದ್ಯದಲ್ಲಿ ಮಾಂಸದ ಬಳಕೆಯನ್ನು ಖಂಡಿಸಿದನು, ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡಕ್ಕೆ ತಂದನು. ಯುರೋಪಿನ ಕಡಲತೀರದಲ್ಲಿ ಆರೋಗ್ಯವು ಕೊಳ್ಳುವ ಸರಕಾಯಿತು. ಇಲ್ಲಿ ಅದು ಕೊಡಬೇಕಾದ ದಾನವಾಗಿತ್ತು. ಆದರ್ಶವು ಎಲ್ಲ ಕಾಲದಲ್ಲಿಯೂ ಆಚರಣೆಗೆ ಬಂದಿತ್ತೆಂದು ಹೇಳಲಾಗದು. ಆದರೂ ಒಂದು ಸಮಾಜವು ಯಾವುದನ್ನು ಪುಣ್ಯವೆಂದು ಕರೆಯಿತು ಎಂಬುದು ಅದರ ಚರಿತ್ರೆಯ ಭಾಗವೇ.

ಮೂರನೆಯ ಸ್ಥಳ ಅಂಕಸಮುದ್ರ. ಸುಮಾರು 98 ಹೆಕ್ಟೇರು ವಿಸ್ತಾರದ ಈ ಹಳ್ಳಿಯ ನೀರಾವರಿ ಕೆರೆ 2024ರ ಜನವರಿಯಲ್ಲಿ, ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆಗಳ ಜೊತೆಗೆ, ರಾಮ್ಸರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ಪಡೆಯಿತು. ಬೇಸಾಯಕ್ಕಾಗಿ ಮನುಷ್ಯರು ಕಟ್ಟಿದ ಕೆರೆಯ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಳ್ಳಿಯವರು ಅವುಗಳನ್ನು ಓಡಿಸಲಿಲ್ಲ. ಶಾಸ್ತ್ರದ ಭಾಷೆಯಲ್ಲಿ ಇದಕ್ಕೆ ಅಭಯದಾನವೆಂದೇ ಹೆಸರು. ಹೆಸರು ತಿಳಿಯದವರೂ ಅದನ್ನು ಆಚರಿಸಿದ್ದಾರೆ. ಬಹುಶಃ ಅದೇ ಹೆಚ್ಚಿನದು.

ಹಿನ್ನೀರಿನ ದಡವನ್ನು ಕುರಿತು ಆಲೋಚಿಸುವವರು ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಲಕ್ಷಾಂತರ ಎಕರೆಗೆ ನೀರುಣಿಸಿತು. ಅನೇಕ ಹಳ್ಳಿಗಳನ್ನು ಮುಳುಗಿಸಿತು. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಅದರ ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಈ ‘ಕಡಲು’ ಎಷ್ಟು ಅಸ್ಥಿರವೆಂಬುದು ಎಲ್ಲರಿಗೂ ಅರಿವಾಯಿತು. ಬೇಸಗೆಯಲ್ಲಿ ಮೈಲುಗಟ್ಟಲೆ ಹಿಂದೆ ಸರಿಯುವ ದಡದಲ್ಲಿ ಕಡಲತೀರದ ಅನುಕರಣೆ ಭೌತಿಕವಾಗಿಯೂ ದುರ್ಬಲ ಯೋಜನೆ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಈ ತಾಲ್ಲೂಕುಗಳಿಂದ ಕೂಲಿ ಅರಸಿ ಗುಳೆ ಹೋಗುವ ಕುಟುಂಬಗಳಿವೆ. ಹಸಿದವನ ಮುಂದೆ ಶಾಸನದ ಪಾಠವನ್ನಿಟ್ಟು ಉದ್ಯೋಗವನ್ನು ಬೇಡವೆನ್ನುವುದು ವಿದ್ವತ್ತಿನ ಅಹಂಕಾರವಾದೀತು. ಆಹಾರದಾನವೇ ಮೊದಲನೆಯದೆಂದು ಶಾಸ್ತ್ರವೂ ಹೇಳುತ್ತದೆ. ಪ್ರವಾಸೋದ್ಯಮ ಬೇಕು ಎಂಬುದರಲ್ಲಿ ವಿವಾದವಿಲ್ಲ. ಯಾವುದನ್ನು ತೋರಿಸಿ ಜನರನ್ನು ಕರೆಯಬೇಕು ಎಂಬುದರಲ್ಲಿ ವಿವಾದವಿದೆ. ನೀಲಿ ಕೊಳ, ಹುಲ್ಲುಹಾಸು, ಎಣ್ಣೆಸ್ನಾನ ಎಲ್ಲಿಯೂ ಸಿಗುತ್ತವೆ. ಅವುಗಳಿಗಾಗಿ ಕುರುವತ್ತಿಗೇ ಬರಬೇಕಾದ ಅಗತ್ಯ ಯಾರಿಗೂ ಇಲ್ಲ. ದುರ್ವಿನೀತನ ನೆನಪಿಗೆ ಮಾತ್ರ ಕೋಗಳಿಗೇ ಬರಬೇಕು. ಬಂಡವಾಳಿಗರ ಭಾಷೆಯಲ್ಲಿಯೇ ಹೇಳುವುದಾದರೂ, ಬೇರೆಲ್ಲಿಯೂ ಇಲ್ಲದ್ದೇ ಹೆಚ್ಚು ಬೆಲೆ ಬಾಳುವಂಥದು.

ಆದ್ದರಿಂದ ಮಾಡಬೇಕಾದ ಕೆಲಸ ದೊಡ್ಡ ವೆಚ್ಚದ್ದಲ್ಲ. ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿಯೂ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟದಲ್ಲಿಯೂ ಅಚ್ಚಾಗಿರುವ ಈ ಸೀಮೆಯ ಪಾಠಗಳನ್ನು ಹೊಸಗನ್ನಡದ ತಾತ್ಪರ್ಯದೊಡನೆ ಆಯಾ ಊರಿನಲ್ಲಿಯೇ ಓದುವಂತೆ ನಿಲ್ಲಿಸಬೇಕು. ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಪದವಿ ವಿದ್ಯಾರ್ಥಿಗಳಿಗೆ ಅವುಗಳನ್ನು ಓದಿ ವಿವರಿಸುವ ತರಬೇತಿ ದೊರೆತರೆ ಅದು ವಿದ್ಯೆಯೂ ಹೌದು, ಜೀವನೋಪಾಯವೂ ಹೌದು. ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟದಿಂದ ಕೋಗಳಿಯ ಬಸದಿಯವರೆಗೆ ಒಂದು ಅಧ್ಯಯನಯಾತ್ರೆ ರೂಪುಗೊಳ್ಳಬೇಕು. ಅಂಕಸಮುದ್ರದಲ್ಲಿ ಹಕ್ಕಿಗಳ ಗೂಡಿನ ಕಾಲಕ್ಕೆ ಮನುಷ್ಯರು ದೂರ ನಿಲ್ಲುವುದೇ ನಿಯಮವಾಗಬೇಕು.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಈ ಐದೂ ತಾಲ್ಲೂಕುಗಳು ಅದರ ಹೆಸರಿನಡಿ ಬಂದವು. ಹೆಸರು ಗೌರವದ್ದೇ, ಆದರೆ ವಿಜಯನಗರವು ಹುಟ್ಟುವ ಮೊದಲೇ ಈ ನೆಲಕ್ಕೆ ಸಾವಿರ ವರ್ಷಗಳ ದಾಖಲೆಯಿತ್ತು. ಹಂಪಿಯ ನೆರಳಿನಲ್ಲಿ ಒಂದು ಸ್ನಾನಗೃಹವಾಗಿ ಉಳಿಯುವುದೋ, ತನ್ನದೇ ತೀರ್ಥವಾಗಿ ನಿಲ್ಲುವುದೋ ಎಂಬ ಆಯ್ಕೆ ಈಗ ಈ ಸೀಮೆಯ ಮುಂದಿದೆ. ಮುಳುಗಲು ಬರುವವರಿಗೆ ನೀರು ಸಾಕು; ದಾಟಲು ಬರುವವರಿಗೆ ಓದಬಲ್ಲ ಕಲ್ಲೂ, ಓದಿಸಬಲ್ಲ ಜನರೂ ಬೇಕು.